ಅಪಘಾತದ ಮರುದಿನ: ಕುಟುಂಬದ ಹಕ್ಕು, ಕಾಯಿದೆಯ ಆಸರೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನ ದಿನಚರಿ ಬೆಳಗಿನ ಲೋಕಲ್ ಗಾಡಿಯಿಂದ ಆರಂಭವಾಗಿ ರಾತ್ರಿಯ ಲೋಕಲ್ ಗಾಡಿಯಲ್ಲಿ ಮುಗಿಯುತ್ತದೆ. ಮನೆ ಡೊಂಬಿವಲಿ, ಕಲ್ಯಾಣ, ನಾಲಾಸೋಪಾರಾ, ವಿರಾರಗಳಂಥ ದೂರದ ಉಪನಗರಗಳಲ್ಲಿ. ಉದ್ಯೋಗ ಫೋರ್ಟ್, ದಾದರ, ಘಾಟಕೋಪರ, ಅಂಧೇರಿಗಳಲ್ಲಿ. ಹೋಟೆಲಿನ ಗಲ್ಲಾದಲ್ಲಿ ಕೂರುವವನಿರಲಿ, ಕಾರ್ಖಾನೆಯ ಯಂತ್ರದ ಮುಂದೆ ನಿಲ್ಲುವವನಿರಲಿ, ಕಚೇರಿಯ ಗುಮಾಸ್ತನಿರಲಿ, ಮುಂಜಾನೆ ಹೊರಟವನು ರಾತ್ರಿ ಮರಳುತ್ತಾನೆಂಬ ನಂಬಿಕೆಯ ಮೇಲೆಯೇ ಸಂಸಾರ ಸಾಗುತ್ತದೆ. ಆ ನಂಬಿಕೆ ಒಂದು ದಿನ ಹುಸಿಯಾದರೆ ಗತಿಯೇನು ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅಪಶಕುನವೆಂದು ಅದನ್ನು ನುಂಗಿಕೊಳ್ಳುವುದೇ ರೂಢಿಯಾಗಿದೆ.

ಅಂಥ ದಿನ ಬಂದಾಗ ಸಮಾಜ ಕೈಕಟ್ಟಿ ಕೂರುವುದಿಲ್ಲ, ನಿಜ. ಊರಿನವರು ಸೇರುತ್ತಾರೆ, ವಂತಿಗೆ ಎತ್ತುತ್ತಾರೆ, ಸಂಘದ ಪದಾಧಿಕಾರಿಗಳು ಆಸ್ಪತ್ರೆಗೆ ಧಾವಿಸುತ್ತಾರೆ, ಧಣಿಯೂ ಕೈಲಾದಷ್ಟು ಕೊಡುತ್ತಾನೆ. ಪಾರ್ಥಿವ ಶರೀರವನ್ನು ಊರಿಗೆ ಒಯ್ಯಲಾಗುತ್ತದೆ. ಉತ್ತರಕ್ರಿಯೆಗಳು ಮುಗಿದ ಕೆಲವೇ ದಿನಗಳಲ್ಲಿ ಹೆಂಡತಿ ಮಕ್ಕಳು ಬಾಡಿಗೆಯ ಕೋಣೆಯನ್ನು ತೆರವು ಮಾಡಿ ಊರು ಸೇರುತ್ತಾರೆ. ಎಲ್ಲವೂ ಹಣೆಬರಹವೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಆದರೆ ಕಾಯಿದೆಯು ಆ ಕುಟುಂಬಕ್ಕೆ ಕೊಡಮಾಡಿರುವ ಹಣವನ್ನು ಕೇಳಲು ಯಾರೂ ಹೋಗುವುದಿಲ್ಲ. ಕೇಳಬೇಕಾದ ಅವಧಿ ಸದ್ದಿಲ್ಲದೆ ಕಳೆದುಹೋಗುತ್ತದೆ.

ಇದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಅವನೇ ಬಾಗಿಲಲ್ಲಿ ನಿಂತಿದ್ದ, ಅವನೇ ಅವಸರಪಟ್ಟ, ತಪ್ಪು ಅವನದೇ ಆಗಿರುವಾಗ ಯಾರನ್ನು ಕೇಳುವುದು ಎಂಬ ಸಂಕೋಚವೂ ಕಾರಣವಾಗಿದೆ. ಈ ಸಂಕೋಚಕ್ಕೆ ಆಧಾರವಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ರೈಲಿನಲ್ಲಾಗಲಿ, ಕೆಲಸದ ಸ್ಥಳದಲ್ಲಾಗಲಿ ಸಂಭವಿಸುವ ಬಹುತೇಕ ಅಪಘಾತಗಳಲ್ಲಿ ಗಾಯಗೊಂಡವನ ಅಜಾಗರೂಕತೆ ಅವನ ಹಕ್ಕನ್ನು ಕಸಿದುಕೊಳ್ಳುವುದಿಲ್ಲ. ಹಕ್ಕು ಕಳೆದುಹೋಗುವುದು ಹೆಚ್ಚಾಗಿ ಎರಡು ಕಾರಣಗಳಿಂದ: ಕಾಗದ ಜೋಪಾನವಾಗಿರಲಿಲ್ಲ, ದಿನ ಮೀರಿತು.

ಒಂದಿಷ್ಟು ಹಿನ್ನೆಲೆ

ಬೋರಿಬಂದರದಿಂದ ಠಾಣೆಗೆ ಭಾರತದ ಮೊದಲ ಪ್ರಯಾಣಿಕ ರೈಲು ಹೊರಟದ್ದು 1853ರ ಏಪ್ರಿಲ್ 16ರಂದು. ಎರಡು ವರ್ಷಗಳ ತರುವಾಯ, 1855ರಲ್ಲಿ, ಮಾರಕ ಅಪಘಾತಗಳ ಕಾಯಿದೆ ಬಂದಿತು. ಇನ್ನೊಬ್ಬರ ತಪ್ಪಿನಿಂದ ಸತ್ತವನ ಹೆಂಡತಿ, ಮಕ್ಕಳು, ತಂದೆತಾಯಿಗಳ ಪರವಾಗಿ ನಷ್ಟವನ್ನು ಕೇಳುವ ಹಕ್ಕು ಈ ದೇಶದ ಕಾಯಿದೆಯಲ್ಲಿ ಹೀಗೆ ಮೂಡಿತು. ಆದರೆ ತಪ್ಪನ್ನು ಸಿದ್ಧಪಡಿಸುವ ಹೊರೆ ಬಡವನ ಹೆಗಲ ಮೇಲೆಯೇ ಇತ್ತು. ಗಿರಣಿಯ ಯಂತ್ರಕ್ಕೆ ಕೈ ಕೊಟ್ಟ ಕಾರ್ಮಿಕನು ಮಾಲೀಕನ ತಪ್ಪನ್ನು ಸಿವಿಲ್ ಕೋರ್ಟಿನಲ್ಲಿ ಸಾಧಿಸುವುದೆಂದರೆ ಸುಲಭದ ಮಾತಾಗಿರಲಿಲ್ಲ.

1923ರ ಕಾರ್ಮಿಕ ಪರಿಹಾರ ಕಾಯಿದೆ ಈ ಹೊರೆಯನ್ನು ಇಳಿಸಿತು. 1924ರ ಜುಲೈ 1ರಿಂದ ಜಾರಿಗೆ ಬಂದ ಆ ಕಾಯಿದೆಯ ತಿರುಳು ಸರಳವಾದುದು: ಗಾಯ ಕೆಲಸದಿಂದ ಉಂಟಾಗಿದ್ದರೆ ಸಾಕು, ತಪ್ಪು ಯಾರದೆಂದು ನೋಡದೆ ಮಾಲೀಕನು ಪರಿಹಾರ ಕೊಡತಕ್ಕದ್ದು. ಸುಮಾರು ನೂರು ವರ್ಷ ನಡೆದುಬಂದ ಆ ಕಾಯಿದೆ ಈಗ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಲೀನವಾಗಿದೆ. ಹೆಸರು ಬದಲಾದರೂ ತತ್ತ್ವ ಅದೇ ಉಳಿದಿದೆ.

ವಿಷಯ ಸ್ಪಷ್ಟವಾಗಲೆಂದು ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು 34; ತಿಂಗಳಿಗೆ 20,000 ರೂಪಾಯಿ ಸಂಬಳ; ಘಾಟಕೋಪರದ ಹೋಟೆಲೊಂದರಲ್ಲಿ ಕೆಲಸ; ಡೊಂಬಿವಲಿಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳು; ಕುಂದಾಪುರದಲ್ಲಿ ಇವನ ದುಡಿಮೆಯನ್ನೇ ನಂಬಿದ ವಿಧವೆ ತಾಯಿ. ಇವನಿಗೆ ಅಪಾಯ ಮೂರು ಕಡೆ ಕಾದಿದೆ: ರೈಲಿನಲ್ಲಿ, ರಸ್ತೆಯಲ್ಲಿ, ಕೆಲಸದ ಸ್ಥಳದಲ್ಲಿ. ಮೂರಕ್ಕೂ ಕಾಯಿದೆ ಬೇರೆ, ಕೇಳುವ ಕಚೇರಿ ಬೇರೆ, ಮೊತ್ತವೂ ಬೇರೆ.

ರೈಲಿನಿಂದ ಬಿದ್ದರೆ

2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾ ನಿಲ್ದಾಣಗಳ ನಡುವೆ, ಕಿಕ್ಕಿರಿದ ಎರಡು ಲೋಕಲ್ ಗಾಡಿಗಳ ಬಾಗಿಲಲ್ಲಿ ಜೋತು ನಿಂತಿದ್ದ ಪ್ರಯಾಣಿಕರು ಹಳಿಯ ಮೇಲೆ ಉರುಳಿ ಸಾವುನೋವು ಸಂಭವಿಸಿದ್ದನ್ನು ಮುಂಬಯಿಗರು ಮರೆತಿಲ್ಲ. ಬಾಗಿಲಲ್ಲಿ ನಿಂತವನಿಗೆ ಪರಿಹಾರ ಸಿಕ್ಕೀತೆ ಎಂದು ಹಲವರು ಆಗ ಕೇಳಿದ್ದುಂಟು. ಸಿಗುತ್ತದೆ ಎಂಬುದೇ ಕಾಯಿದೆಯ ಉತ್ತರ.

1989ರ ರೈಲ್ವೆ ಕಾಯಿದೆಗೆ 1994ರಲ್ಲಿ 124-ಎ ಎಂಬ ಕಲಮು ಸೇರಿತು. ಪ್ರಯಾಣಿಕನು ಗಾಡಿಯಿಂದ ಆಕಸ್ಮಿಕವಾಗಿ ಬಿದ್ದರೆ ರೈಲ್ವೆಯ ತಪ್ಪಿದ್ದರೂ ಇಲ್ಲದಿದ್ದರೂ ಪರಿಹಾರ ಸಲ್ಲಬೇಕೆಂದು ಅದು ವಿಧಿಸುತ್ತದೆ. ಆತ್ಮಹತ್ಯೆ ಅಥವಾ ಅದರ ಯತ್ನ, ಬೇಕೆಂದೇ ಮಾಡಿಕೊಂಡ ಗಾಯ, ಸ್ವಂತ ಅಪರಾಧ ಕೃತ್ಯ, ಮದ್ಯದ ಅಮಲು ಅಥವಾ ಬುದ್ಧಿಭ್ರಮಣೆಯಲ್ಲಿ ಮಾಡಿದ ಕೃತ್ಯ, ಸಹಜ ಕಾಯಿಲೆ, ಇವಿಷ್ಟೇ ಇದಕ್ಕೆ ಅಪವಾದಗಳು. ಕೇರಳದ ವರ್ಕಲಾ ನಿಲ್ದಾಣದಲ್ಲಿ ಗಾಡಿ ಹತ್ತುವಾಗ ಬಿದ್ದು ಮೃತಳಾದ ಮಹಿಳೆಯ ಪ್ರಕರಣದಲ್ಲಿ, ಹತ್ತುವಾಗ ಬಿದ್ದರೂ ಅದು ಗಾಡಿಯಿಂದ ಬಿದ್ದಂತೆಯೇ ಎಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಮಾನಿಸಿತು. ತೆರೆದ ಬಾಗಿಲ ಬಳಿ ನಿಂತದ್ದು ಅಜಾಗರೂಕತೆ ಎನಿಸಬಹುದು, ಅಪರಾಧ ಕೃತ್ಯವಾಗದು ಎಂದು 2010ರಲ್ಲಿ ಅದೇ ನ್ಯಾಯಾಲಯ ಹೇಳಿತು.

ಇನ್ನೊಂದು ಭಯ ಟಿಕೀಟಿನದು. ಬಿದ್ದವನ ಜೇಬಿನಿಂದ ಪಾಸು ಜಾರಿಹೋಗಿರಬಹುದು. 2018ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಭಯವನ್ನೂ ಬಹುಮಟ್ಟಿಗೆ ನೀಗಿಸಿತು. ದೇಹದ ಮೇಲೆ ಟಿಕೀಟು ಸಿಗಲಿಲ್ಲವೆಂದ ಮಾತ್ರಕ್ಕೆ ಅವನು ಪ್ರಯಾಣಿಕನಲ್ಲ ಎನ್ನಲಾಗದು. ಕುಟುಂಬದವರು ಸಂಗತಿಗಳನ್ನು ಪ್ರಮಾಣಪತ್ರದ ಮೂಲಕ ತಿಳಿಸಿದರೆ ಅಲ್ಲಿಂದ ಮುಂದಿನ ಹೊರೆ ರೈಲ್ವೆಯದು. ಆದರೂ ಹಳೆಯ ಪಾಸುಗಳನ್ನು ಎಸೆಯದಿರುವುದು, ಮೊಬೈಲಿನಲ್ಲಿ ಪಾಸು ತೆಗೆಯುವವರ ಫೋನನ್ನು ಹಾಗೆಯೇ ಜೋಪಾನವಾಗಿಡುವುದು ಜಾಣತನ.

ಮರಣಕ್ಕೆ ಸಲ್ಲುವ ಪರಿಹಾರ 2017ರ ಜನವರಿ 1ರಿಂದ 8 ಲಕ್ಷ ರೂಪಾಯಿ. ಎರಡೂ ಕೈಗಳನ್ನು ಕಳೆದುಕೊಂಡಂಥ ಗಾಯಗಳಿಗೂ ಅಷ್ಟೇ ಮೊತ್ತ; ಉಳಿದ ಗಾಯಗಳಿಗೆ ನಿಯಮಗಳಲ್ಲಿ ಪಟ್ಟಿಯಿದೆ. ಅರ್ಜಿಯನ್ನು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಸಲ್ಲಿಸಬೇಕು. ಮುಂಬಯಿಯಲ್ಲಿ ಅದರ ಪೀಠವಿದೆ. ಅವಧಿ ಒಂದು ವರ್ಷ; ವಿಳಂಬಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸುವ ಅಧಿಕಾರ ಪೀಠಕ್ಕುಂಟು. ಸ್ಟೇಷನ್ ಮಾಸ್ತರರ ಮೆಮೊ, ರೈಲ್ವೆ ಪೊಲೀಸರ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಆಸ್ಪತ್ರೆಯ ಕೇಸ್ ಪೇಪರು, ಇವುಗಳ ಪ್ರತಿಗಳೇ ಈ ಅರ್ಜಿಯ ಬೆನ್ನೆಲುಬು. ಬಿದ್ದದ್ದೋ, ಹಳಿ ದಾಟುವಾಗ ಬಡಿದದ್ದೋ ಎಂಬ ಪ್ರಶ್ನೆಗೆ ಉತ್ತರ ಈ ಕಾಗದಗಳಲ್ಲಿಯೇ ಇರುತ್ತದೆ. ಹಳಿ ದಾಟುವುದು ಅಪರಾಧ. ಹಾಗೆ ದಾಟುವಾಗ ಸತ್ತವನ ಮನೆಯವರಿಗೆ ಈ ಕಲಮಿನ ಆಸರೆ ಇಲ್ಲ. ಐದು ನಿಮಿಷ ಉಳಿಸಲು ಮೇಲ್ಸೇತುವೆಯನ್ನು ಬಿಟ್ಟವನು ಪ್ರಾಣದ ಜೊತೆಗೆ ಮಕ್ಕಳ ಪರಿಹಾರವನ್ನೂ ಪಣಕ್ಕಿಡುತ್ತಾನೆ.

ರಸ್ತೆಯಲ್ಲಿ ಸಂಭವಿಸಿದರೆ

ರಸ್ತೆ ಅಪಘಾತದಲ್ಲಿ ಮೊದಲ ಒಂದು ಗಂಟೆಯೇ ಜೀವದ ಗಂಟೆ. ವೈದ್ಯರು ಸುವರ್ಣ ಗಳಿಗೆ ಎನ್ನುವ ಈ ಅವಧಿಯನ್ನು ಕಾಯಿದೆಯೂ ಈಗ ಹೆಸರಿಸಿದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಯೋಜನೆಯಂತೆ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ಮುಂಗಡ ಹಣ ಕಟ್ಟದೆ ಚಿಕಿತ್ಸೆ ದೊರೆಯಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕನನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಹೆಸರು ಹೇಳೆಂದು ಬಲಾತ್ಕರಿಸುವಂತಿಲ್ಲ. ಕೋರ್ಟು ಕಚೇರಿಯ ಅಂಜಿಕೆಯಿಂದ ಬಿದ್ದವನನ್ನು ನೋಡಿಯೂ ನೋಡದಂತೆ ಮುಂದೆ ಸಾಗುವವರು ಇದನ್ನು ನೆನಪಿಡಬೇಕು. 112 ಅಥವಾ 108ಕ್ಕೆ ಒಂದು ಕರೆ ಮಾಡಿದರೂ ಪುಣ್ಯವೇ.

ಪರಿಹಾರದ ಅರ್ಜಿ ಸಲ್ಲುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಇಲ್ಲಿ ಮೊತ್ತ ನಿಶ್ಚಿತವಲ್ಲ. ಸತ್ತವನ ಸಂಪಾದನೆ, ವಯಸ್ಸು, ಅವಲಂಬಿತರ ಸಂಖ್ಯೆಗಳಿಂದ ಅದು ನಿರ್ಧಾರವಾಗುತ್ತದೆ. ಸರ್ವೋಚ್ಚ ನ್ಯಾಯಾಲಯ 2009 ಮತ್ತು 2017ರ ತೀರ್ಪುಗಳಲ್ಲಿ ಲೆಕ್ಕದ ಕ್ರಮವನ್ನು ಹಾಕಿಕೊಟ್ಟಿದೆ. ಮೇಲೆ ಹೇಳಿದ ಗೃಹಸ್ಥನ ಲೆಕ್ಕವನ್ನು ಹೀಗೆ ಮಾಡಬಹುದು. ಸಂಬಳ 20,000, ನಲವತ್ತಕ್ಕಿಂತ ಕೆಳಗಿನ ವಯಸ್ಸಾದ್ದರಿಂದ ಮುಂದಿನ ಏಳಿಗೆಗೆಂದು ಶೇಕಡ 40 ಸೇರಿಸಿದರೆ 28,000. ನಾಲ್ವರು ಅವಲಂಬಿತರಿರುವಾಗ ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಭಾಗ ಕಳೆದರೆ 21,000. ವರ್ಷಕ್ಕೆ 2,52,000. ಆ ವಯಸ್ಸಿಗೆ ಗುಣಕ 16. ಒಟ್ಟು 40,32,000 ರೂಪಾಯಿ. ಉತ್ತರಕ್ರಿಯೆಯ ವೆಚ್ಚ ಮೊದಲಾದ ಬಾಬುಗಳು ಇದಕ್ಕೆ ಹೊರತು. ಅಪಘಾತದ ಮರುದಿನ ವಾಹನದವನು ಐವತ್ತು ಸಾವಿರ ಮುಂದಿಟ್ಟು ಕಾಗದಕ್ಕೆ ಸಹಿ ಕೇಳಿದಾಗ ಈ ಲೆಕ್ಕ ಕಣ್ಣ ಮುಂದಿರಬೇಕು.

ಬದುಕುಳಿದು ಊನಗೊಂಡವನ ಲೆಕ್ಕದಲ್ಲಿಯೂ ಒಂದು ಸೂಕ್ಷ್ಮವಿದೆ. ವೈದ್ಯರು ಬರೆದ ಊನದ ಶೇಕಡಾವಾರು ಒಂದು, ಸಂಪಾದನೆಗೆ ಬಿದ್ದ ಪೆಟ್ಟು ಇನ್ನೊಂದು. ಎಡಗೈ ಕಳೆದುಕೊಂಡ ಚಾಲಕನ ಜೀವನೋಪಾಯವೇ ಹೋಗಬಹುದು. ಅದೇ ಗಾಯವಾದ ಗುಮಾಸ್ತನು ಕೆಲಸದಲ್ಲಿ ಮುಂದುವರಿಯಬಹುದು. ಈ ಭೇದವನ್ನು ನ್ಯಾಯಮಂಡಳಿ ಗಮನಿಸಲೇಬೇಕೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹಾಗಾಗಿ ಗಾಯಾಳು ತಾನು ಮಾಡುತ್ತಿದ್ದ ಕೆಲಸ ಯಾವುದೆಂಬುದಕ್ಕೂ ಪುರಾವೆ ಇಟ್ಟುಕೊಳ್ಳಬೇಕು.

ಇಲ್ಲಿ ಇನ್ನೊಂದು ವಾಹನದವನ ತಪ್ಪನ್ನು ತೋರಿಸಬೇಕಾಗುತ್ತದೆ. ಗಾಯಾಳುವಿನ ತಪ್ಪೂ ಕೂಡಿದ್ದರೆ ಮೊತ್ತ ಆ ಪ್ರಮಾಣದಲ್ಲಿ ಇಳಿದೀತು. ತಪ್ಪನ್ನು ತೋರಿಸುವುದು ಕಷ್ಟವಾದಲ್ಲಿ, ಅದರ ಗೊಡವೆಯಿಲ್ಲದೆ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೊಡುವ ಬೇರೊಂದು ಕಲಮೂ ಇದೆ. ವಾಹನ ಗುರುತು ಸಿಗದೆ ಓಡಿಹೋಗಿದ್ದರೆ ಸರಕಾರದ ನಿಧಿಯಿಂದ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಅಪಘಾತದ ದಿನದಿಂದ ಆರು ತಿಂಗಳ ಗಡುವು ಇದೆ. ಈ ಗಡುವು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಗೆ ಒಳಗಾಗಿದ್ದರೂ ಅದನ್ನು ನೆಚ್ಚಿ ಕೂರುವುದು ತರವಲ್ಲ. ಪೊಲೀಸರು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳುಹಿಸಬೇಕು. ಅವುಗಳ ಪ್ರತಿ ಕೇಳಿ ಪಡೆಯಬೇಕು. ಊರು ಸೇರಿದ ಕುಟುಂಬಕ್ಕೆ ಅತ್ಯಂತ ಉಪಯುಕ್ತವಾದ ಸಂಗತಿಯೆಂದರೆ ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲಿಯೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. ಠಾಣೆಯ ರಸ್ತೆಯಲ್ಲಿ ಗಂಡನನ್ನು ಕಳೆದುಕೊಂಡವಳು ಉಡುಪಿ ಜಿಲ್ಲೆಯಲ್ಲಿದ್ದುಕೊಂಡೇ ಹಕ್ಕನ್ನು ಕೇಳಬಹುದು.

ಕೆಲಸದ ಸ್ಥಳದಲ್ಲಿ ಗಾಯವಾದರೆ

ಹತ್ತು ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ, ಹೋಟೆಲುಗಳೂ ಸೇರಿ, ಇ.ಎಸ್.ಐ. ಯೋಜನೆ ಅನ್ವಯಿಸುತ್ತದೆ. 21,000 ರೂಪಾಯಿವರೆಗಿನ ಸಂಬಳದವರು ಅದರ ವ್ಯಾಪ್ತಿಯಲ್ಲಿ ಬರುತ್ತಾರೆ. ನೌಕರನ ಪಾಲು ಸಂಬಳದ ಶೇಕಡ 0.75, ಮಾಲೀಕನ ಪಾಲು ಶೇಕಡ 3.25. ಕೆಲಸದಲ್ಲಿ ಗಾಯಗೊಂಡು ದುಡಿಯಲಾಗದವನಿಗೆ ಸಂಬಳದ ಸುಮಾರು ಶೇಕಡ 90ರ ದರದಲ್ಲಿ ಹಣ ದೊರೆಯುತ್ತದೆ. ಮರಣ ಸಂಭವಿಸಿದರೆ ಅದೇ ದರದಲ್ಲಿ ಅವಲಂಬಿತರಿಗೆ ಪ್ರತಿತಿಂಗಳೂ ಹಂಚಿಕೆಯಾಗುತ್ತದೆ. 20,000 ರೂಪಾಯಿ ಸಂಬಳದ ನಮ್ಮ ಗೃಹಸ್ಥನ ಮನೆಗೆ ಇದು ತಿಂಗಳಿಗೆ ಸುಮಾರು 18,000 ರೂಪಾಯಿಯಾದೀತು. ಸಂಬಳದಿಂದ ಅಲ್ಪ ಮೊತ್ತ ಕಡಿತವಾಗುವುದನ್ನು ತಪ್ಪಿಸಲು ಹೆಸರೇ ಬರೆಸದಿರುವ ನೌಕರನು ಎಷ್ಟನ್ನು ಕಳೆದುಕೊಳ್ಳುತ್ತಾನೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಇ.ಎಸ್.ಐ. ಅನ್ವಯಿಸದ ಕಡೆ ಮಾಲೀಕನೇ ಪರಿಹಾರ ಕೊಡಬೇಕು. ಮರಣಕ್ಕೆ ಮಾಸಿಕ ಸಂಬಳದ ಅರ್ಧವನ್ನು, ಸಂಪೂರ್ಣ ಶಾಶ್ವತ ಊನಕ್ಕೆ ಶೇಕಡ 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕೆಂಬ 1923ರ ಕಾಯಿದೆಯ ಸೂತ್ರವನ್ನು ಹೊಸ ಸಂಹಿತೆಯೂ ಉಳಿಸಿಕೊಂಡಿದೆ. 34 ವರ್ಷಕ್ಕೆ ಗುಣಕ 199.40. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ 15,000 ರೂಪಾಯಿವರೆಗೆ ಹಿಡಿಯಬಹುದೆಂದು 2020ರ ಜನವರಿಯಲ್ಲಿ ಗೊತ್ತುಮಾಡಲಾಯಿತು. ಅದರಂತೆ ಈ ಗೃಹಸ್ಥನ ಕುಟುಂಬಕ್ಕೆ ಬರುವ ಮೊತ್ತ 7,500 ಗುಣಿಸು 199.40, ಅಂದರೆ 14,95,500 ರೂಪಾಯಿ. ಸಣ್ಣ ಗಾಯಗಳಿಗೂ ಕಾಯಿದೆಯ ಪಟ್ಟಿಯಲ್ಲಿ ಸ್ಥಾನವಿದೆ: ಹೆಬ್ಬೆರಳು ಹೋದರೆ ಸಂಪಾದನಾ ಶಕ್ತಿಯ ನಷ್ಟ ಶೇಕಡ 30, ತೋರುಬೆರಳು ಪೂರ್ತಿ ಹೋದರೆ ಶೇಕಡ 14.

ಮಾಲೀಕನು ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡ 12 ಬಡ್ಡಿಯೂ, ಸಕಾರಣವಿಲ್ಲದ ವಿಳಂಬಕ್ಕೆ ಅರ್ಧದಷ್ಟರವರೆಗೆ ದಂಡವೂ ಬೀಳಬಹುದು. ಮರಣದ ಪರಿಹಾರವನ್ನು ಮಾಲೀಕನು ಅಧಿಕಾರಿಯ ಬಳಿ ಠೇವಣಿ ಇಡಬೇಕೇ ಹೊರತು ಮನೆಗೆ ಹೋಗಿ ಲಕೋಟೆಯಲ್ಲಿ ಕೊಟ್ಟು ಲೆಕ್ಕ ಚುಕ್ತಾ ಎನ್ನುವಂತಿಲ್ಲ. ಪರಿಹಾರ ಬೇಡವೆಂದು ನೌಕರನಿಂದ ಮೊದಲೇ ಬರೆಸಿಕೊಂಡ ಕರಾರಿಗೆ ಬೆಲೆಯಿಲ್ಲ. ಗುತ್ತಿಗೆದಾರನ ಕೈಕೆಳಗಿನ ಕೆಲಸಗಾರನು ಮೂಲ ಮಾಲೀಕನನ್ನೂ ಹೊಣೆ ಮಾಡಬಹುದು.

ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯೂ ಕೆಲಸದ ಭಾಗವೇ ಎಂಬ ಪ್ರಶ್ನೆ ಮುಂಬಯಿಯಲ್ಲಿ ಮಹತ್ವದ್ದು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರನು 2003ರಲ್ಲಿ ನಸುಕಿನ ಪಾಳಿಗೆ ಹೋಗುವಾಗ ದಾರಿಯಲ್ಲಿ ಮೃತನಾದ. ಅವನ ಕುಟುಂಬಕ್ಕೆ ಪರಿಹಾರ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2025ರ ಜುಲೈನಲ್ಲಿ. ಪ್ರಯಾಣದ ಸಮಯ, ಸ್ಥಳಗಳಿಗೂ ಉದ್ಯೋಗಕ್ಕೂ ಸಂಬಂಧವಿದ್ದರೆ ಅಂಥ ಅಪಘಾತವೂ ಉದ್ಯೋಗದ ಅಪಘಾತವೆಂದು ಹೊಸ ಸಂಹಿತೆ ಈಗ ಸ್ಪಷ್ಟವಾಗಿ ಒಪ್ಪಿದೆ. ಇಪ್ಪತ್ತೆರಡು ವರ್ಷ ಕಾದ ಆ ಕುಟುಂಬ ಬೇರೆಯವರಿಗೆ ದಾರಿ ಮಾಡಿಕೊಟ್ಟಿದೆ ಎನ್ನಬೇಕು. ಒಂದೇ ಅಪಘಾತಕ್ಕೆ ಎರಡು ಕಾಯಿದೆಗಳು ಅನ್ವಯಿಸುವಾಗ ಕೆಲವೊಮ್ಮೆ ಒಂದನ್ನೇ ಆರಿಸಿಕೊಳ್ಳಬೇಕಾಗುತ್ತದೆ. ಅರ್ಜಿಗೆ ಮುಂಚೆ ವಕೀಲರ ಸಲಹೆ ಅಗತ್ಯ. ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬೇಕು.

ಹಣ ಕೈಸೇರುವ ಹೊತ್ತು

ತೀರ್ಪಾದ ಮೇಲೂ ಎಡವುವ ಜಾಗಗಳಿವೆ. ಊರಿನ ರೇಷನ್ ಕಾರ್ಡಿನಲ್ಲಿ ಶೇಖರ, ಶಾಲಾ ದಾಖಲೆಯಲ್ಲಿ ಚಂದ್ರಶೇಖರ, ಮುಂಬಯಿಯ ಆಧಾರದಲ್ಲಿ ತಂದೆಯ ಹೆಸರು ನಡುವೆ ಸೇರಿದ ಮೂರನೆಯ ರೂಪ. ಹೆಂಡತಿಗೆ ತವರಿನ ಹೆಸರೊಂದು, ಗಂಡನ ಮನೆಯ ಹೆಸರೊಂದು. ಬದುಕಿರುವಾಗ ಯಾರಿಗೂ ತೊಂದರೆ ಕೊಡದ ಈ ವ್ಯತ್ಯಾಸ ಸತ್ತ ಮೇಲೆ ಗೋಡೆಯಾಗಿ ನಿಲ್ಲುತ್ತದೆ. ವಲಸೆ ಬಂದ ಪ್ರತಿಯೊಂದು ಕುಟುಂಬವೂ ಒಂದು ಭಾನುವಾರವನ್ನು ಈ ಹೆಸರುಗಳನ್ನು ಒಂದುಗೂಡಿಸುವುದಕ್ಕೆಂದು ಮೀಸಲಿಟ್ಟರೆ ಸಾರ್ಥಕ. ಗೃಹಿಣಿಯ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆಯೂ ಇರಬೇಕು.

ವಿಧವೆಯರ, ಅಪ್ರಾಪ್ತ ಮಕ್ಕಳ ಪಾಲನ್ನು ದೀರ್ಘಾವಧಿ ಠೇವಣಿಯಲ್ಲಿಡುವಂತೆ ನ್ಯಾಯಮಂಡಳಿಗಳು ಆದೇಶಿಸುವುದುಂಟು. ಅನುಮತಿಯಿಲ್ಲದೆ ಆ ಠೇವಣಿಯನ್ನು ಅವಧಿಗೆ ಮುನ್ನ ಒಡೆಯುವಂತಿಲ್ಲ. ಅದರ ಮೇಲೆ ಸಾಲವನ್ನೂ ಕೊಡುವಂತಿಲ್ಲ. ನಮ್ಮ ಹಣಕ್ಕೆ ಬ್ಯಾಂಕಿನ ಬೀಗವೇಕೆಂದು ಬಂಧುಗಳು ಕೋಪಗೊಳ್ಳುವುದು ಸಹಜ. ಆದರೆ ಪರಿಹಾರ ಬಂದ ಸುದ್ದಿ ತಿಳಿದೊಡನೆ ಸಾಲ ಕೇಳುವವರೂ, ಜಮೀನು ತೋರಿಸುವವರೂ ಬಾಗಿಲಿಗೆ ಬರುತ್ತಾರೆ. ಆ ಬೀಗ ಮಗುವಿನ ಶಾಲೆಯ ಶುಲ್ಕವನ್ನು ಕಾಯುತ್ತದೆ. ತಿಂಗಳಿಗೊಮ್ಮೆ ಬಡ್ಡಿ ಪಡೆಯುವ ವ್ಯವಸ್ಥೆ ಮಾಡಿಕೊಂಡರೆ ಮನೆಖರ್ಚಿಗೂ ಆಧಾರವಾಗುತ್ತದೆ.

ಅಪಘಾತಕ್ಕೆ ಮುನ್ನವೇ ಮಾಡಬಹುದಾದ ಕೆಲಸವೂ ಒಂದಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಪ್ರೀಮಿಯಂ. 18ರಿಂದ 70 ವರ್ಷದ ಖಾತೆದಾರರು ಸೇರಬಹುದು. ಅಪಘಾತದ ಮರಣಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಊನಕ್ಕೆ 1 ಲಕ್ಷ. ಪ್ರೀಮಿಯಂ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಆ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ರಕ್ಷಣೆಯೂ ಇಲ್ಲ. ವಿಮೆ ಬಂದರೆ ಪರಿಹಾರ ಕಡಿಮೆಯಾದೀತೆಂಬ ಅಂಜಿಕೆಯೂ ಬೇಡ. ಮೋಟಾರು ಅಪಘಾತದ ಪರಿಹಾರದಲ್ಲಿ ಜೀವವಿಮೆಯ ಹಣವನ್ನು ಕಳೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯ 1998ರಷ್ಟು ಹಿಂದೆಯೇ ಹೇಳಿದೆ.

ಹೋದ ಜೀವವನ್ನು ಯಾವ ನ್ಯಾಯಮಂಡಳಿಯೂ ಮರಳಿ ಕೊಡಲಾರದು. ಆದರೆ ಉಳಿದವರ ಊಟ, ಮಕ್ಕಳ ವಿದ್ಯೆ, ಮುದಿತಾಯಿಯ ಔಷಧಿ, ಇವು ನಿಲ್ಲಬಾರದೆಂದು ಕಾಯಿದೆ ಬಗೆದಿದೆ. ದುಃಖದ ಮನೆಗೆ ಹೋಗುವ ಸಂಘದ ಕಾರ್ಯಕರ್ತರು ವಂತಿಗೆಯ ಜೊತೆಗೆ ಒಂದು ಕಡತವನ್ನೂ ಒಯ್ಯಲಿ. ಪೊಲೀಸ್ ವರದಿ, ಆಸ್ಪತ್ರೆಯ ಕಾಗದ, ಸಂಬಳದ ಚೀಟಿ, ಪಾಸು, ಎಲ್ಲವನ್ನೂ ಅದರಲ್ಲಿ ಸೇರಿಸಿ, ಮೇಲೆ ಅರ್ಜಿಯ ಕಡೆಯ ದಿನಾಂಕವನ್ನು ದಪ್ಪಕ್ಷರದಲ್ಲಿ ಬರೆದು, ಕುಟುಂಬ ಊರಿಗೆ ಹೊರಡುವ ಮುನ್ನ ಅವರ ಕೈಗೆ ಕೊಡಲಿ. ಆ ದಿನಾಂಕವನ್ನು ಮರೆಯದೆ ಊರಿಗೊಂದು ಫೋನು ಮಾಡಿ ನೆನಪಿಸುವವನೇ ಆ ಮನೆಗೆ ನಿಜವಾದ ಆಪ್ತನು.